ಸಪ್ಪಳ ಭಾಳ, ಓಟ ಇಲ್ಲ

ನಿಪ್ಪಾಣಿಯಿಂದ ಸಂಕೇಶ್ವರದ ಕಡೆ ಹೊರಟಿದ್ದೆ. ತವಂದಿ ಘಟ್ಟದಲ್ಲಿ ನನ್ನ ನೂರು ಸಿಸಿ ಗಾಡಿ ಒಮ್ಮೆಲೇ ಗಂಟಲು ಹರಿದುಕೊಂಡು ಕೂಗತೊಡಗಿತು. ವೇಗ ಮಾತ್ರ ಏರಲಿಲ್ಲ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ನನ್ನನ್ನು ಹಿಂದೆ ಹಾಕಿತು. ಅದರ ಡ್ರೈವರ್ ತಿರುಗಿ ನೋಡಿ ನಕ್ಕಿದ್ದನ್ನು ನಾನಿನ್ನೂ ಮರೆತಿಲ್ಲ.

ರವಿವಾರ ಚಿಕ್ಕೋಡಿಯ ಮನೆಯಂಗಳದಲ್ಲಿ ಗೋಣಿಚೀಲ ಹಾಸಿ, ಪಾನಾ ಪಕ್ಕಡ ಹರವಿಕೊಂಡು ಕೂತೆ. ಆಯಿಲ್ ಬಸಿದು, ಕಿಕ್ಕು ಕಳಚಿ, ಎಂಜಿನ್ನಿನ ಬಲಮಗ್ಗುಲಿನ ಕವರು ತೆಗೆದೆ. ಬಳೆಯಾಕಾರದ, ಸುಟ್ಟ ವಾಸನೆಯ, ಕರ್ರಗಾದ ಹಿರಿಯ ಜೀವವೊಂದು ಕೈಗೆ ಬಂತು: ಕ್ಲಚ್ ಪ್ಲೇಟು. ಹಳೇ ಪೇಪರಿನ ಮೇಲೆ ಕೂರಿಸಿ ಮಾತಿಗೆಳೆದೆ.

ನಾನು: ನಮಸ್ಕಾರ್ರಿ ಕಾಕಾ. ಹೆಂಗಿದ್ದೀರಿ?

ಪ್ಲೇಟು: ಒಳಗಿದ್ದಾಗ ಕೇಳಲಿಲ್ಲ, ಬಿಚ್ಚಿದ ಮ್ಯಾಲ ಕೇಳಾಕತ್ತೀರಿ ಮಾಲಕರ. ಉಗುರಲೆ ಮೈ ಕೆರದ ನೋಡ್ರಿ. ಒಂದ ಕಾಲಕ್ಕ ಇಲ್ಲಿ ಚೌಕ ಚೌಕ ಲೈನಿಂಗ್ ಇತ್ತು, ನಡುವ ಎಣ್ಣಿ ಹರಿಯಾಕ ಕಾಲುವಿ ಇದ್ದುವು. ಈಗ ಕಾಲುವಿ ಯಾವುದು, ದಂಡಿ ಯಾವುದು ತಿಳಿಯೂದಿಲ್ಲ. ಮೇ ತಿಂಗಳದಾಗ ಕೃಷ್ಣಾಕ್ಕ ನೀರ ಬಿಡ್ರಿ ಅಂತ ಮಹಾರಾಷ್ಟ್ರಕ್ಕ ಕಾಗದ ಬರೀತೀರಲ್ಲ, ಹಂಗ ಆಗೇತಿ ನನ್ನ ಬಾಳೆ.

ನಾನು: ನಿಮ್ಮ ಕೆಲಸ ಏನಂತ ಓದುಗರಿಗೆ ಒಂಚೂರು ಹೇಳ್ರಿ.

ಪ್ಲೇಟು: ಎಂಜಿನ್ ತನ್ನ ಪಾಡಿಗೆ ಕುಣೀತೈತಿ, ಗಾಲಿ ತಿರಗಬೇಕು. ಇಬ್ಬರ ಕೈ ಹಿಡಿಸೂದು, ಬಿಡಿಸೂದು ನಾವು. ಒಂದು ಲೈನಿಂಗ್ ಪ್ಲೇಟು, ಒಂದು ಉಕ್ಕಿನ ಪ್ಲೇಟು, ಮತ್ತ ಲೈನಿಂಗ್, ಮತ್ತ ಉಕ್ಕು. ನಾವು ಎಂಜಿನ್ ಪಾರ್ಟಿ, ಉಕ್ಕಿನವರು ಗೇರಿನ ಪಾರ್ಟಿ. ಸ್ಪ್ರಿಂಗ್ ಒತ್ತಿದ್ರ ಎಲ್ಲಾರೂ ಒಂದ. ನೀವು ಲಿವರ್ ಹಿಡದ್ರ ಬ್ಯಾರೆ ಬ್ಯಾರೆ. ನಿಪ್ಪಾಣಿ ಸಂತ್ಯಾಗ ರೇಟ್ ಕೇಳೂದು ಕನ್ನಡದಾಗ, ಚೌಕಾಶಿ ಮರಾಠಿಯಾಗ, ವ್ಯಾಪಾರ ಮಾತ್ರ ನಿಲ್ಲೂದಿಲ್ಲ. ನಮ್ಮದೂ ಅಷ್ಟ.

ನಾನು: ನಿಮ್ಮ ಮನೆತನ ದೊಡ್ಡದಂತ ಕೇಳೀನಿ.

ಪ್ಲೇಟು: ಮೈಸೂರಾಗ ತಯಾರಾಗ್ತಿದ್ದ ಜಾವಾ, ಯೆಜ್ದಿ ಗಾಡ್ಯಾಗ ನಮ್ಮ ಹಿರ್ಯಾರು ಇದ್ರು. ಅಲ್ಲಿ ಕಿಕ್ಕಿನ ಕಾಲ ಗೇರಿನ ಕಾಲು. ಗೇರ್ ತುಳದ್ರ ಕ್ಲಚ್ ತಾನ ಬಿಡತಿತ್ತು, ಮಾಲಕನ ಬೆರಳಿನ ಹಂಗಿಲ್ಲ. 1996ರಾಗ ಆ ಕಾರ್ಖಾನಿ ಮುಚ್ಚಿತು. ಆಮ್ಯಾಲ ನಮ್ಮ ಜೀವ ನಿಮ್ಮಂಥವರ ಎಡಗೈಗೆ ಬಿತ್ತು.

ನಾನು: ನನ್ನ ಎಡಗೈ ಏನ ಮಾಡೇತ್ರಿ? ಮಾಲ ಕಚ್ಚಾ ಇದ್ದೀತು.

ಪ್ಲೇಟು: ಕಚ್ಚಾ! ಕಬ್ಬಿನ ಸೀಜನ್ ನೆನಪ ಮಾಡ್ಕೋರಿ. ಉಗಾರದ ರಸ್ತ್ಯಾಗ ಟ್ರ್ಯಾಕ್ಟರ್ ಸಾಲು. ಅದರ ಹಿಂದ ನೀವು ಮೊದಲನೇ ಗೇರಿನಾಗ ಲಿವರ್ ಅರ್ಧ ಹಿಡದು, ಗಾಡಿ ಇರಿವಿ ಹಂಗ ಸರಿಸ್ಕೋಂತ, ಇನ್ನೊಂದ ಕೈಯಾಗ ಫೋನ್. ಪೂರ್ತಿ ಹಿಡದ್ರ ನಾ ಸುಮ್ನಿರ್ತೀನಿ, ಪೂರ್ತಿ ಬಿಟ್ರೂ ಸುಮ್ನಿರ್ತೀನಿ. ಅರ್ಧಕ್ಕ ಹಿಡದ್ರ ತಿಕ್ಕಾಡಿ ಸಾಯ್ತೀನಿ. ರಸ್ತೆ ಖಾಲಿ ಇದ್ರೂ ಎರಡ ಬೆರಳು ಲಿವರ್ ಮ್ಯಾಲ. ಅದೇನ ತಂಬೂರಿ ಏನ್ರಿ? ಎರಡ ಮಗ್ಗಲಿಗೆ ಹಾಲಿನ ಕ್ಯಾನು, ಹಿಂದ ಮೇವಿನ ಹೊರಿ. ಚಿಂಚಲಿ ಮಾಯಕ್ಕನ ಜಾತ್ರಿಗೆ ನಾಲ್ಕ ಮಂದಿ ಹತ್ತಿದ್ರಿ, ನಾಲ್ಕನೆಯವರು ಎಲ್ಲಿ ಕುಂತಿದ್ರಂತ ನನಗಿನ್ನೂ ತಿಳದಿಲ್ಲ.

ನಾನು: ಆಯಿಲ್ ಮಾತ್ರ ವ್ಯಾಳ್ಯಾಕ್ಕ ಹಾಕೀನಲ್ರಿ.

ಪ್ಲೇಟು: ಹಾಕೀರಿ. ನಿಮ್ಮ ಅಳಿಯಂದ್ರ ಕಾರಿಗೆ ಹಾಕಿ ಉಳದದ್ದು. ಕಾರಿನ ಕ್ಲಚ್ ಒಣ ಜಾಗದಾಗ ಕುಂತಿರ್ತೈತಿ, ನಾವು ಎಂಜಿನ್ ಎಣ್ಣ್ಯಾಗ ಮುಳುಗಿದವರು. ಕಾರಿನ ಎಷ್ಟೋ ಆಯಿಲ್‌ದಾಗ ತಿಕ್ಕಾಟ ಕಡಿಮಿ ಆಗ್ಲೆಂತ ಮದ್ದ ಬೆರಸಿರ್ತಾರ. ನನ್ನ ಹೊಟ್ಟಿ ತುಂಬೂದು ತಿಕ್ಕಾಟದ ಮ್ಯಾಲ. ಬೈಕಿನ ಡಬ್ಬಿ ಮ್ಯಾಲ ಜೆಎಎಸ್‌ಓ ಎಂಎ ಅಂತ ಬರದಿರ್ತಾರ, ಓದಿ ತರಬೇಕು. ಪುಕ್ಕಟ ಸಿಕ್ತಂತ ಸುರಿಯಾಕ ಅದೇನ ಜಾತ್ರಿ ಪಾನಕ ಅಲ್ಲ.

ನಾನು: ಘಟ್ಟದಾಗ ಮರ್ಯಾದಿ ಹೋಗೂಕಿಂತ ಮೊದಲ ನನಗ ಹೆಂಗ ತಿಳೀಬೇಕಿತ್ರಿ?

ಪ್ಲೇಟು: ಮಟ್ಟಸ ರಸ್ತ್ಯಾಗ ಟಾಪ್ ಗೇರಿಗೆ ಹಾಕಿ ರೇಸ್ ಪೂರ್ತಿ ತಿರವ್ರಿ. ಸಪ್ಪಳ ಏರಿ ವೇಗ ಏರಲಿಲ್ಲಂದ್ರ ನಾ ಜಾರಾಕತ್ತೀನಂತ ಅರ್ಥ. ಇಲ್ಲಾ, ನಿಂತಲ್ಲೇ ಮುಂದಿನ ಬ್ರೇಕ್ ಬಿಗಿ ಹಿಡದು, ಟಾಪ್ ಗೇರಿನಾಗ ಕ್ಲಚ್ ಮೆಲ್ಲಕ ಬಿಡ್ರಿ. ಎಂಜಿನ್ ಗಪ್ಪ ಆದ್ರ ನಾ ಗಟ್ಟಿ. ಬಂದ್ ಆಗದ ಗುರ್ರ ಅಂತಿದ್ರ ನನ್ನ ಕಥಿ ಮುಗೀತು. ಆದ್ರ ಪಾನಾ ಹಿಡಿಯೂಕಿಂತ ಮೊದಲ ಕೇಬಲ್ ನೋಡ್ರಿ. ಲಿವರಿನ ತುದಿ 10ರಿಂದ 20 ಮಿಲಿಮೀಟರ್ ಸಡಿಲ ಆಡಬೇಕು. ನೀವು ಗೇರ್ ಬಿರಸಂತ ಹೇಳಿ ಅಡ್ಜಸ್ಟರ್ ತಿರವಿ ತಿರವಿ ಬಿಗಿ ಮಾಡಿದ್ರಿ. ಅಂದಿಂದ ಲಿವರ್ ಬಿಟ್ರೂ ನಾ ಅರ್ಧ ಹಿಡದಂಗ ಇದ್ದೆ. ಅವತ್ತ ಎರಡ ಸುತ್ತ ಸಡಿಲ ಮಾಡಿದ್ರ ನಾ ಇನ್ನೊಂದ ನಾಲ್ಕ ವರ್ಷ ದುಡಿತಿದ್ದೆ.

(ಇಲ್ಲಿ ಸಂದರ್ಶಕನು ಕೆಮ್ಮಿ, ಚಹಾ ಕುಡಿದು, ವಿಷಯ ಬದಲಿಸಿದನು.)

ನಾನು: ಸಪ್ಪಳ ಐತಿ, ಓಟ ಇಲ್ಲ ಅಂದ್ರ ನನಗ ಬೆಳಗಾವಿ ಒಡದು ಚಿಕ್ಕೋಡಿ ಜಿಲ್ಲಾ ಮಾಡ್ರಿ ಅನ್ನೂ ಬೇಡಿಕಿ ನೆನಪಾಗ್ತೈತ್ರಿ.

ಪ್ಲೇಟು: ನಾ ರಾಜಕೀಯ ಮಾತಾಡೂದಿಲ್ಲ. ನನ್ನ ಬೀಗ, ನಂಬರ್ ಪ್ಲೇಟಿನ್ನ ಕೇಳ್ರಿ. ಅಂವ ಹೊರಗ ಇರ್ತಾನ, ನಾಲ್ಕ ಮಂದಿನ್ನ ನೋಡ್ಯಾನ. ಕೆಎ 23 ಅಂದ್ರ ಚಿಕ್ಕೋಡಿ ಆರ್‌ಟಿಓ. ಚಿಕ್ಕೋಡಿಗೆ ಲೋಕಸಭಾ ಕ್ಷೇತ್ರ ಐತಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಚಿಕ್ಕೋಡಿ ಶೈಕ್ಷಣಿಕ ಜಿಲ್ಲಾ. ಪರೀಕ್ಷಾ ಪಾಸಾಗಾಕ ಜಿಲ್ಲಾ, ಉತಾರಿ ತಿದ್ದಿಸಾಕ ತಾಲೂಕು. 1997ರಾಗ ಮುಖ್ಯಮಂತ್ರಿ ಆಗಿದ್ದ ಜೆ.ಎಚ್. ಪಟೇಲ್ರು ಏಳ ಹೊಸಾ ಜಿಲ್ಲಾ ಮಾಡಿದ್ರು. ಆವಾಗ ಚಿಕ್ಕೋಡಿ ಹೆಸರೂ ಕೂಗಿ ಮತ್ತ ಹಿಂದ ತಗೊಂಡ್ರು. ಗೇರಿಗೆ ಹಾಕಿ ನ್ಯೂಟ್ರಲ್ ಮಾಡಿದಂಗ.

ನಾನು: ನಿಮ್ಮ ಪ್ರಕಾರ ಪ್ಲೇಟು ಸವದೈತೋ?

ಪ್ಲೇಟು: ಮಂದಿ ಸವದಿಲ್ರಿ. ಅಥಣಿಯಿಂದ ಬೆಳಗಾವಿ ಭಾಳ ದೂರ ಆಗ್ತೈತಿ, ಒಂದ ಸಹಿಗೆ ಹೋಗಿ ಬರ್ತಾರ, ಗಟ್ಟಿ ಇದ್ದಾರ. ಕಾಗವಾಡದವರಿಗೆ ಮಿರಜ ಹತ್ರ, ಬೆಳಗಾವಿ ದೂರ. ಇಲ್ಲಿ ಚಿಕ್ಕೋಡಿ ಜಿಲ್ಲಾ ಅಂದ್ರ ಅಲ್ಲಿ ಅಥಣಿ ಜಿಲ್ಲಾ ಅಂತಾರ, ಗೋಕಾಕದವರು ನಮ್ದ ಮೊದಲ ಅಂತಾರ. ಎಲೆಕ್ಷನ್ ಬಂದ್ರ ಎಲ್ಲಾ ಪಾರ್ಟಿಯವರೂ ರೇಸ್ ಕೊಡ್ತಾರ, ಹೊಗಿ ಬರ್ತೈತಿ. ಇದು ಪ್ಲೇಟಿನ ರೋಗ ಅಲ್ಲ, ಕೇಬಲ್ಲಿಂದು. ಯಾರೋ ಎರಡ ಬೆರಳು ಲಿವರ್ ಮ್ಯಾಲ ಇಟ್ಟಾರ.

ನಾನು: ಬೆರಳು ಯಾರದ್ರಿ?

ಪ್ಲೇಟು: ಹ್ಯಾಂಡ್‌ಗ್ಲೌಸ್ ಹಾಕ್ಯಾರ, ಗುರುತ ಸಿಗವಲ್ದು.

ನಾನು: ಹೊಸಬರಿಗೆ ಏನ ಹೇಳ್ತೀರಿ?

ಪ್ಲೇಟು: ಹೊಸಬರಿಗಲ್ಲ, ನಿಮಗ. ಅವರನ್ನ ಒಣಾ ಒಣಾ ಕೂರಿಸಬ್ಯಾಡ್ರಿ, ಒಂದ ರಾತ್ರಿ ಹೊಸಾ ಆಯಿಲ್‌ದಾಗ ನೆನಿ ಇಡ್ರಿ. ಉಕ್ಕಿನ ಪ್ಲೇಟು ಕನ್ನಡಿ ಮ್ಯಾಲ ಇಟ್ಟು ಡೊಂಕ ನೋಡ್ರಿ, ನೀಲಿ ತಿರಗಿದ್ರ ಅದನ್ನೂ ಒಗೀರಿ. ಸ್ಪ್ರಿಂಗ್ ಹೊಸಾದ ಹಾಕ್ರಿ, ಅದರಾಗ ಜಿಪುಣತನ ಬ್ಯಾಡ. ಬೋಲ್ಟು ಎದರಾ ಬದರಾ ಸ್ವಲ್ಪ ಸ್ವಲ್ಪ ಬಿಗೀರಿ. ಸಣ್ಣ ಬೋಲ್ಟಿಗೆ ಪೈಲ್ವಾನಕಿ ತೋರಿಸಿದ್ರ ಆಟಿ ಹೋಗ್ತೈತಿ. ಹಳೇ ಪ್ಯಾಕಿಂಗ್ ಕೆರೆಯೂ ಮುಂದ ಅಲ್ಯುಮಿನಿಯಂ ಕೆರದೀರಿ, ಜ್ವಾಕಿ. ಮತ್ತ ಆ ಲಗ್ನಪತ್ರಿಕಿ ಯಾಕ ತಂದೀರಿ?

ಅದು ನನ್ನ ಉಪಾಯ. ಕವರಿನ ಬೋಲ್ಟುಗಳು ಗಿಡ್ಡ-ಉದ್ದ ಇರುತ್ತವೆ. ದಪ್ಪ ಪತ್ರಿಕೆಯ ಹಿಂಬದಿ ಕವರಿನ ಆಕಾರ ಬರೆದು, ತೂತು ಕೊರೆದು, ಯಾವ ಬೋಲ್ಟು ಎಲ್ಲಿಯದೋ ಅಲ್ಲೇ ಚುಚ್ಚಿಟ್ಟಿದ್ದೆ. ಇಡೀ ಸಂದರ್ಶನದಲ್ಲಿ ಕಾಕಾ ನನ್ನನ್ನು ಹೊಗಳಿದ್ದು ಈ ಒಂದು ಕೆಲಸಕ್ಕೆ.

ಸೋಮವಾರ ಸಂಜೆ ಗಾಡಿ ಜೋಡಿಸಿ, ಆಯಿಲ್ ಹಾಕಿ, ಮಗಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ ತಂದು ಲಿವರಿನ ಸಡಿಲ ಅಳೆದೆ: 15 ಮಿಲಿಮೀಟರ್. ಬುಧವಾರ ಅದೇ ಗಾಡಿಯಲ್ಲಿ ಒಂದು ಸಹಿಗೆ ಬೆಳಗಾವಿಗೆ ಹೋದೆ, ಹೋಗಲಿಕ್ಕೇ ಎಪ್ಪತ್ತು ಕಿಲೋಮೀಟರಿನ ಮೇಲೆ. ಒಂದು ಕಡೆಯೂ ಕ್ಲಚ್ ಜಾರಲಿಲ್ಲ. ಕಚೇರಿಯಲ್ಲಿ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಮುಂದಿನ ಬುಧವಾರ ಬರ್ರಿ ಅಂದರು.