ಇಷ್ಟು ಚುರುಕಾದ ಸರ್ಕಾರ ಎಲ್ಲಿದೆ ಸ್ವಾಮಿ!

ಔರಂಗಾಬಾದು ಛತ್ರಪತಿ ಸಂಭಾಜಿನಗರವಾದದ್ದು 2023ರಲ್ಲಿ. ಅಲ್ಲಿನ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು 2025ರ ಅಕ್ಟೋಬರಿನಲ್ಲಿ. ಸರ್ಕಾರ ಎಂದರೆ ಇದು. ನಿಧಾನವೇ ಅದರ ಸಹಿ, ನಿಧಾನವೇ ಅದರ ಸೀಲು.

ಹೀಗಿರುವಾಗ ಊರ ಹೊರಗಿನ ಶೇಂದ್ರಾ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನಮ್ಮ ಬೀದರಿನ ತಮ್ಮನಿಗೆ ಒಂದು ಇಮೇಲ್ ಬರುತ್ತದೆ: “ಮಾನ್ಯರೇ, ನಿಮ್ಮ ತೆರಿಗೆ ರಿಫಂಡ್ ಸಿದ್ಧವಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ.” ಅವನು ಕಣ್ಣುಜ್ಜಿಕೊಂಡು ಒತ್ತೇ ಬಿಡುತ್ತಾನೆ! ಅಲ್ಲಪ್ಪಾ, ನಿನ್ನ ದುಡ್ಡು ನಿನಗೆ ಕೊಡಲು ಯಾವ ಇಲಾಖೆ ಹೀಗೆ ಬೆನ್ನು ಹತ್ತಿದ್ದುಂಟು?

ಕಳ್ಳನಿಗೆ ಅವಸರವೇ ಬಂಡವಾಳ. ನೀವು ಯೋಚನೆಗೆ ಕೂತರೆ ಅವನ ವ್ಯಾಪಾರ ಕೆಟ್ಟಿತು. ಮೊದಲೆಲ್ಲ ಪಾಪ, ವ್ಯಾಕರಣದ ತಪ್ಪಿನಲ್ಲೇ ಸಿಕ್ಕಿಬೀಳುತ್ತಿದ್ದ. ಈಗ ಎಐ ಬರೆದುಕೊಡುತ್ತದೆ, ನಮ್ಮ ಮೇಷ್ಟ್ರಿಗಿಂತ ಶುದ್ಧವಾಗಿ. ಆದ್ದರಿಂದ ಭಾಷೆ ಬಿಡಿ, ಕಳಿಸಿದವರ ವಿಳಾಸ ನೋಡಿ. ದಪ್ಪಕ್ಷರದಲ್ಲಿ ಯಾವ ಬ್ಯಾಂಕಿನ ಹೆಸರನ್ನಾದರೂ ಹಾಕಿಕೊಳ್ಳಬಹುದು. ಅದರ ಮೇಲೆ ಬೆರಳಿಟ್ಟರೆ ಹಿಂದಿರುವ ಅಸಲಿ ವಿಳಾಸ ಹೊರಬರುತ್ತದೆ. ಅದನ್ನೂ ಕನ್ನಡಕ ಹಾಕಿಕೊಂಡೇ ಓದಿ: ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸಿದರೆ ಥೇಟ್ ಎಂ! ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ಎಂದು ಮುಗಿಯುವ ಜಾಲತಾಣಕ್ಕೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಈ ಕಾಟಕ್ಕೇ. ಲಿಂಕನ್ನು ಒತ್ತುವ ಬದಲು ಬ್ಯಾಂಕಿನ ಆ ವಿಳಾಸವನ್ನು ನೀವೇ ಟೈಪ್ ಮಾಡಿ, ಬೆರಳೇನೂ ಸವೆಯುವುದಿಲ್ಲ.

“ನಾವು ಓದಿದವರು, ನಮಗೆಲ್ಲ ಇದು ನಡೆಯೋದಿಲ್ಲ” ಎನ್ನುವವರೂ ಇದ್ದಾರೆ. ಗೂಗಲ್, ಫೇಸ್‌ಬುಕ್‌ಗಿಂತ ಓದಿದವರೇ? ಲಿಥುವೇನಿಯಾದ ಒಬ್ಬ ಆಸಾಮಿ ತೈವಾನಿನ ಕ್ವಾಂಟಾ ಕಂಪನಿಯ ಹೆಸರಲ್ಲಿ ಸುಳ್ಳು ಬಿಲ್ಲು ಕಳಿಸಿ, 2013ರಿಂದ 2015ರವರೆಗೆ ಈ ಇಬ್ಬರಿಂದ 10 ಕೋಟಿ ಡಾಲರಿಗೂ ಹೆಚ್ಚು ಎತ್ತಿದ. ಲೆಕ್ಕದವರು ಶ್ರದ್ಧೆಯಿಂದ ಪಾವತಿ ಮಾಡಿದರು! 2019ರಲ್ಲಿ ಅವನಿಗೆ ಐದು ವರ್ಷ ಜೈಲಾಯಿತು. ಶೇಂದ್ರಾದಂಥ ಕಡೆ ದಿನವೂ ಬಿಲ್ಲು ಪಾಸು ಮಾಡುವ ಅಕೌಂಟೆಂಟರೇ, “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ” ಎಂಬ ಮೇಲ್ ಬಂದರೆ ಹಳೇ ನಂಬರಿಗೆ ಒಂದು ಫೋನ್ ಹಾಕಿ. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ ಮತ್ತೆ, ಅಲ್ಲಿ ಎತ್ತಿಕೊಳ್ಳುವವನೂ ಆ ಕಳ್ಳನೇ.

ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟುಬಿಟ್ಟಿರಾ? ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಇನ್ನೊಂದು ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಷ್ಟು ಹೊತ್ತು ಬೇಡ ಎಂದ ಅವಸರವನ್ನೆಲ್ಲ ಇಲ್ಲಿ ಮಾಡಿ.