ಮೇಲುಕೋಟೆಗೆ ತೊಂಬತ್ತಾರು ಕಿಲೊ

ಸೈಕಲ್ ಕೊಳ್ಳುತ್ತೇನೆ ಎಂದಾಗ ನಮ್ಮ ಮನೆಯಾಕೆ ಕೇಳಿದ್ದು ಒಂದೇ ಮಾತು: "ಯಾರಿಗೆ?" ಐವತ್ತು ದಾಟಿದ, ಮಹಡಿ ಮೆಟ್ಟಿಲ ನಡುವೆ ನಿಂತು ಮೊಬೈಲ್ ನೋಡುವ ನೆಪದಲ್ಲಿ ಏದುಸಿರು ಇಳಿಸಿಕೊಳ್ಳುವ ಮನುಷ್ಯ ತನಗೇ ಸೈಕಲ್ ಕೊಂಡಾನು ಎಂದು ಯಾರಿಗಾದರೂ ಹೇಗೆ ಹೊಳೆಯಬೇಕು? ನನಗೇ ಎಂದೆ. ಆಕೆ ಏನೂ ಅನ್ನದೆ ಒಳಗೆ ಹೋದಳು. ಅವಳು ಏನೂ ಅನ್ನದಿದ್ದರೆ ಏನೇನೋ ಅಂದಳು ಎಂದೇ ಲೆಕ್ಕ.

ಕಾರಣ ಎರಡಿದ್ದವು. ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದು ಒಂದು. ಡಾಕ್ಟರು ಯಾರಿಗೆ ತಾನೇ ಹೇಳುವುದಿಲ್ಲ, ಅದಕ್ಕೆ ನಾನು ಕಿವಿಗೊಡುತ್ತಿರಲಿಲ್ಲ. ಆದರೆ ಕಾಲೇಜಿನ ಕಾಲದ ಗೆಳೆಯನೊಬ್ಬ ನಿವೃತ್ತಿಗೆ ಮುಂಚೆಯೇ ಕೆಲಸ ಬಿಟ್ಟು ಸೈಕಲ್ ಹತ್ತಿಕೊಂಡಿದ್ದ. ಮೈಸೂರಿನಿಂದ ಮೇಲುಕೋಟೆಗೆ ಹೋಗಿ ಬರೋಣ, ಹೋಗುವುದು 50 ಕಿಲೋಮೀಟರ್, ಬರುವುದು 50, ಸೆಂಚುರಿ ಆಯಿತಲ್ಲ ಎಂದ. ಗುಂಡಪ್ಪ ವಿಶ್ವನಾಥ್ ಕಾಲದಿಂದ ಕ್ರಿಕೆಟ್ ನೋಡಿಕೊಂಡು ಬಂದವನಿಗೆ ಸೆಂಚುರಿ ಎಂದರೆ ಸಾಕು, ತಲೆ ನಿಲ್ಲುವುದಿಲ್ಲ. ಅದರ ಮೇಲೆ ಅವನು ಮೇಲುಕೋಟೆಯ ಪುಳಿಯೋಗರೆ ಮಾತೆತ್ತಿದ. ಚೆಲುವನಾರಾಯಣನ ಸನ್ನಿಧಿ, ಪು.ತಿ.ನ. ಹುಟ್ಟಿದ ಊರು, ಕಲ್ಯಾಣಿ, ಬೆಟ್ಟದ ಮೇಲಿನ ಯೋಗಾನರಸಿಂಹ ಎಲ್ಲವನ್ನೂ ಹೇಳಿ ಕೊನೆಗೆ ಪುಳಿಯೋಗರೆ ಹೇಳಿದ್ದರೆ ಅವನನ್ನು ಸಾತ್ವಿಕ ಎನ್ನಬಹುದಿತ್ತು. ಅವನು ಪುಳಿಯೋಗರೆಯಿಂದಲೇ ಶುರು ಮಾಡಿದ.

ತೂಕದ ಮಷೀನು ಬಂತು. ಹಿಂದೆ ರೈಲ್ವೆ ಸ್ಟೇಷನ್ನುಗಳಲ್ಲಿ ಬಣ್ಣದ ಲೈಟು ಮಿನುಗಿಸುತ್ತಾ ನಿಂತಿರುತ್ತಿದ್ದ ಮಷೀನು ನಾಣ್ಯ ನುಂಗಿ ಪುಟ್ಟ ಕಾರ್ಡೊಂದನ್ನು ಉಗುಳುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ. ತೂಕ ಎಷ್ಟೇ ಇರಲಿ, ನೀವು ಉದಾರಿ, ಎಲ್ಲರ ಮೆಚ್ಚುಗೆಗೆ ಪಾತ್ರರಾಗುವಿರಿ ಎಂದು ಬೆನ್ನು ತಟ್ಟಿ ಕಳಿಸುತ್ತಿತ್ತು. ಈಗಿನ ಗಾಜಿನ ಮಷೀನಿಗೆ ಆ ದಾಕ್ಷಿಣ್ಯವಿಲ್ಲ. 96.4 ಎಂದಿತು. ಕನ್ನಡಕ ತೆಗೆದಿಟ್ಟು ಮತ್ತೆ ಹತ್ತಿದೆ. ಅಷ್ಟೇ ಎಂದಿತು.

ಸೈಕಲ್ ಅಂಗಡಿಯ ಹುಡುಗನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ, ಆದರೆ ವಿಚಾರಣೆ ಮಾತ್ರ ಹೆಣ್ಣು ನೋಡಲು ಬಂದವರದು. ಎತ್ತರ ಎಷ್ಟು, ತೂಕ ಎಷ್ಟು, ಬೆನ್ನು ನೋವಿದೆಯಾ, ಒಳಗಾಲಿನ ಅಳತೆ ಎಷ್ಟು. ಹದಿಮೂರು ಕಿಲೊ ತೂಗುವ ಸೈಕಲ್ ತೋರಿಸಿ, ಹನ್ನೊಂದು ಕಿಲೋದ್ದು ಬೇಕಾದರೆ ಇನ್ನೂ ಇಪ್ಪತ್ತೈದು ಸಾವಿರ ಹಾಕಿ ಎಂದ. ಜೊತೆಗೆ ಬಂದಿದ್ದ ಮನೆಯಾಕೆ ನನ್ನ ಹೊಟ್ಟೆಯನ್ನೊಮ್ಮೆ, ಬೆಲೆಚೀಟಿಯನ್ನೊಮ್ಮೆ ನೋಡಿ, ಹದಿಮೂರಿನದೇ ಪ್ಯಾಕ್ ಮಾಡಿ ಎಂದಳು.

ಸೀಟಿನ ವಿಚಾರದಲ್ಲಿ ಆ ಹುಡುಗ ಹೇಳಿದ್ದು ದೊಡ್ಡ ವೇದಾಂತ. ಮೆತ್ತಗೆ, ಅಗಲವಾಗಿ, ಸೋಫಾ ಥರದ ಸೀಟು ಮಾರುಕಟ್ಟೆ ರಸ್ತೆಗೆ ಸರಿ, ದೂರದ ದಾರಿಗಲ್ಲ. ನಾವು ಕೂರುವುದು ಮಾಂಸದ ಮೇಲಲ್ಲ, ಎರಡು ಮೂಳೆಗಳ ಮೇಲೆ. ಸೀಟು ಹೂತುಕೊಂಡರೆ ಭಾರವೆಲ್ಲ ಬೀಳಬಾರದ ಜಾಗಕ್ಕೆ ಬೀಳುತ್ತದಂತೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ ಕಾಲು ಪೂರ್ತಿ ನೀಟವಾಗುವಷ್ಟು ಸೀಟನ್ನು ಎತ್ತರಿಸಬೇಕು, ಇಲ್ಲವಾದರೆ ಮಂಡಿ ಹೋಯಿತು. ಆಮೇಲೆ ಧ್ವನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ: ಪ್ಯಾಡಿನ ಚಡ್ಡಿಯೊಳಗೆ ಬೇರೇನೂ ಹಾಕಬಾರದು ಸರ್, ಹೊಲಿಗೆ ಉಜ್ಜಿ ಗಾಯವಾಗುತ್ತೆ. ಆ ಚಡ್ಡಿ ಮೊದಲ ಸಲ ನಮ್ಮ ತಾರಸಿಯ ತಂತಿಯ ಮೇಲೆ ಒಣಗಿದ ದಿನ ಪಕ್ಕದ ಮನೆಯ ಅಜ್ಜಿ, "ಯಾರಿಗಮ್ಮಾ ಆಪರೇಷನ್ ಆಗಿದ್ದು?" ಎಂದು ವಿಚಾರಿಸಿದರು.

ನಿಜವಾದ ಕಷ್ಟ ಶುರುವಾದದ್ದು ಊಟದಲ್ಲಿ. ಡಾಕ್ಟರು ಕಳಿಸಿದ ಆಹಾರ ತಜ್ಞೆ ಒಂದು ಹಾಳೆ ಕೊಟ್ಟಿದ್ದರು: ಅನ್ನ ಅರ್ಧ, ಸಿಹಿ ಇಲ್ಲ, ನಡುನಡುವೆ ಬಾಯಾಡಿಸುವುದು ಇಲ್ಲವೇ ಇಲ್ಲ. ಗೆಳೆಯನ ಶಾಸ್ತ್ರ ಇದಕ್ಕೆ ತದ್ವಿರುದ್ಧ. ಹಸಿವಾಗುವ ಮುಂಚೆ ತಿನ್ನು, ಬಾಯಾರುವ ಮುಂಚೆ ಕುಡಿ ಎಂಬುದು ಅವನ ಮೂಲಮಂತ್ರ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಒಂದೆರಡು ಗಂಟೆಯ ಜೋರು ತುಳಿತಕ್ಕೆ ಬರಿದಾಗುತ್ತದೆ, ಆಮೇಲೆ ಕಣ್ಣು ಮಂಜಾಗಿ, ಕೈ ನಡುಗಿ, ರಸ್ತೆ ಬದಿಯಲ್ಲಿ ಕೂತು ಅಳಬೇಕೆನಿಸುತ್ತದೆ ಎಂದು ಹೆದರಿಸಿದ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಬಾಳೆಹಣ್ಣೋ ಖರ್ಜೂರವೋ ಕಡಲೆಕಾಯಿ ಚಿಕ್ಕಿಯೋ ಬಾಯಿಗೆ ಬೀಳುತ್ತಿರಬೇಕು. ಚಿಕ್ಕಿಯನ್ನು ಔಷಧಿ ಎಂದು ಯಾರಾದರೂ ಬರೆದುಕೊಡಲಿ ಎಂದು ನಾನು ಬಾಲ್ಯದಿಂದ ಕಾದಿದ್ದೆ. ವಾರವೆಲ್ಲ ಹಾಳೆಯ ಪ್ರಕಾರ, ಭಾನುವಾರ ಗೆಳೆಯನ ಪ್ರಕಾರ ಬದುಕುವುದೆಂದು ತೀರ್ಮಾನಿಸಿದೆ. ವಾರದಲ್ಲಿ ಎರಡು ಭಾನುವಾರವಿದ್ದರೆ ಚೆನ್ನಾಗಿತ್ತು ಅನ್ನಿಸತೊಡಗಿತು.

ಅಭ್ಯಾಸಕ್ಕೆ ಚಾಮುಂಡಿ ಬೆಟ್ಟ. ಬುಡದಿಂದ ತುದಿಗೆ ಸುಮಾರು 300 ಮೀಟರ್ ಎತ್ತರ. ನಾನು, ಸೈಕಲ್ಲು, ನೀರಿನ ಬಾಟಲಿ ಸೇರಿ 110 ಕಿಲೊ. ಇಷ್ಟನ್ನು ಅಷ್ಟೆತ್ತರಕ್ಕೆ ಏರಿಸಲು ಬೇಕಾದ ಶಕ್ತಿಯನ್ನು ಹೈಸ್ಕೂಲ್ ಸೂತ್ರದಿಂದ ಲೆಕ್ಕ ಹಾಕಿದೆ. ದೇಹವೆಂಬ ಎಂಜಿನ್ನು ತಿಂದದ್ದರಲ್ಲಿ ಕಾಲು ಭಾಗವನ್ನು ಮಾತ್ರ ಪೆಡಲಿಗೆ ಕೊಟ್ಟು ಉಳಿದದ್ದನ್ನು ಬೆವರಿನ ಬಿಸಿಯಾಗಿ ಕಳೆಯುತ್ತದೆ ಎಂಬುದನ್ನೂ ಸೇರಿಸಿದೆ. ಬಂದ ಉತ್ತರ 300 ಚಿಲ್ಲರೆ ಕ್ಯಾಲೊರಿ. ಹೆಚ್ಚುಕಡಿಮೆ ಒಂದು ಮಸಾಲೆ ದೋಸೆ. ಒಂದು ಕಿಲೊ ಕೊಬ್ಬಿನಲ್ಲಿರುವುದು 7700 ಕ್ಯಾಲೊರಿ. ಅಂದರೆ ಒಂದೇ ಒಂದು ಕಿಲೊ ಕರಗಲು ಇಪ್ಪತ್ತು ಸಲಕ್ಕೂ ಮೀರಿ ಬೆಟ್ಟ ಹತ್ತಬೇಕು, ಅಷ್ಟೂ ಸಲ ಇಳಿದು ಬಂದ ಮೇಲೆ ದೋಸೆ ತಿನ್ನಬಾರದು. ದೇವಿ ಮಹಿಷಾಸುರನನ್ನು ಒಂದೇ ಸಲಕ್ಕೆ ಮುಗಿಸಿದ್ದು ನೆನೆದು ಹೊಟ್ಟೆ ಉರಿಯಿತು.

ಬೆಟ್ಟದಿಂದ ಬಂದು ಮಷೀನು ಹತ್ತಿದರೆ ಒಂದೂವರೆ ಕಿಲೊ ಇಳಿದಿರುತ್ತದೆ. ಕುಣಿಯುವಂತಿಲ್ಲ, ಅದು ಬರೀ ನೀರು. ಸಂಜೆಯೊಳಗೆ ಚೊಂಬಿನ ಮೂಲಕ ವಾಪಸ್. ಸ್ನಾಯುವಿನಲ್ಲಿ ಕೂಡುವ ಒಂದೊಂದು ಗ್ರಾಂ ಸಕ್ಕರೆಯೂ ಮೂರು ಗ್ರಾಂನಷ್ಟು ನೀರನ್ನು ಜೊತೆಗಿಟ್ಟುಕೊಳ್ಳುತ್ತದಂತೆ, ಹಾಗಾಗಿ ಅಭ್ಯಾಸ ಶುರು ಮಾಡಿದವರ ತೂಕ ಮೊದಮೊದಲು ಏರುವುದೂ ಉಂಟು. ಇದನ್ನು ನಾನು ಮನೆಯಲ್ಲಿ ಬಹಳ ವೈಜ್ಞಾನಿಕವಾಗಿ ವಿವರಿಸಿದೆ. ನಂಬಿದವರು ಯಾರೂ ಇರಲಿಲ್ಲ. ಆದರೂ ತಿಂಗಳುಗಳು ಕಳೆದ ಮೇಲೆ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಚಪ್ಪಲಿ ಹೊಲಿಯುವವನು ಮೊಳೆ ಹೊಡೆದು ತೂತು ಮಾಡಿಕೊಟ್ಟು, ದುಡ್ಡು ಬೇಡ ಹೋಗಿ ಎಂದ. ಅಂಥ ಗೌರವ ನನಗೆ ಎಂದೂ ಸಿಕ್ಕಿರಲಿಲ್ಲ. ಮಷೀನು ಕೊನೆಗೂ 91 ಎಂದಿತು.

ದಾರಿ ಪರಿಚಯವಾಗಲಿ ಎಂದು ಪಾಂಡವಪುರದವರೆಗೆ ಒಂದು ಬೆಳಿಗ್ಗೆ ಒಬ್ಬನೇ ಹೋದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕು, ಆಟೊಗಳನ್ನೇ ಬಿಡುವುದಿಲ್ಲ, ಇನ್ನು ಸೈಕಲ್ಲನ್ನು ಬಿಟ್ಟಾರೆಯೇ? ಸರ್ವಿಸ್ ರಸ್ತೆಯೇ ಗತಿ. ಶ್ರೀರಂಗಪಟ್ಟಣ ದಾಟಿ ಕಬ್ಬಿನ ಗದ್ದೆಗಳ ನಡುವೆ ಹೋಗುವಾಗ ಆಲೆಮನೆಯ ಬೆಲ್ಲದ ಪಾಕದ ವಾಸನೆ ರಸ್ತೆಗೇ ಬಂದು ಅಡ್ಡ ನಿಲ್ಲುತ್ತದೆ. ಆಹಾರ ತಜ್ಞೆಯ ಹಾಳೆಯಲ್ಲಿ ವಾಸನೆಯ ಬಗ್ಗೆ ಏನೂ ಬರೆದಿಲ್ಲವಾದ್ದರಿಂದ ಅಲ್ಲಿ ಗೇರ್ ಇಳಿಸಿ ನಿಧಾನವಾಗಿ ಹೋದೆ. ಆಗ ಎರಡು ಹಾಲಿನ ಕ್ಯಾನು ನೇತುಹಾಕಿಕೊಂಡ ಹಳೇ ಅಟ್ಲಾಸಿನ ಯಜಮಾನರೊಬ್ಬರು ಪಕ್ಕಕ್ಕೆ ಬಂದರು.

"ಗಾಡಿ ಎಷ್ಟ್ ಬಿತ್ತು ಸಾ?"

"ಮೂವತ್ತು ಸಾವಿರ."

ಅವರು ಮುಂದಿನ ಚಕ್ರದಿಂದ ಹಿಂದಿನವರೆಗೆ ಕಣ್ಣಾಡಿಸಿದರು. "ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರೇರಿಲ್ಲ. ಮೂವತ್ ಸಾವ್ರಕ್ಕೆ ಏನ್ ಕೊಟ್ಟವ್ರೆ ಮತ್ತೆ?"

ತೂಕ ಇಳಿಸಲು ತುಳಿಯುತ್ತಿದ್ದೇನೆ ಎಂದೆ. "ನಾವೂ ದಿನಾ ತೂಕ ಇಳುಸ್ತೀವಿ ಸಾ, ಡೈರಿ ಮುಂದೆ" ಎಂದು ಕ್ಯಾನಿನ ಮೇಲೆ ಟಣ್ಣನೆ ಬಡಿದು ಎಡಕ್ಕೆ ತಿರುಗಿಕೊಂಡರು. ಹಿಂತಿರುಗುವಾಗ ಟೈರಿಗೆ ಗಾಳಿ ಸಾಲದೆನಿಸಿ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದರೆ ಅವರ ಪಂಪು ನನ್ನ ಟ್ಯೂಬಿನ ಸಣ್ಣ ಮೂತಿಗೆ ಕೂರಲೇ ಇಲ್ಲ. ಅದಕ್ಕೊಂದು ಕಡಲೆಕಾಳಿನ ಗಾತ್ರದ ಹಿತ್ತಾಳೆ ಅಡಾಪ್ಟರ್ ಬೇಕು. ಈಗ ಅದು ನನ್ನ ಪರ್ಸಿನ ಚಿಲ್ಲರೆ ಖಾನೆಯಲ್ಲಿದೆ. ತರಕಾರಿಯವಳಿಗೆ ಎರಡು ಸಲ ಐದು ರೂಪಾಯಿಯ ಬದಲು ಕೊಡಲು ಹೋಗಿ ವಾಪಸ್ ಇಸಿದುಕೊಂಡಿದ್ದೇನೆ.

ಗೆಳೆಯನಿಗೆ 100 ಕಿಲೋಮೀಟರ್ ಲೆಕ್ಕಕ್ಕಿಲ್ಲ. ಅವನದು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆಗಳ ಲೋಕ. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ 1200 ಕಿಲೋಮೀಟರ್ ಸವಾರಿಯ ಕನಸು ಅವನಿಗೆ. ಅದಕ್ಕೆ 90 ಗಂಟೆ ಗಡುವು. 1891ರಲ್ಲಿ ಶುರುವಾದ ಓಟವದು. ಕೇಳಿಸಿಕೊಂಡದ್ದರಲ್ಲಿ ನನಗೆ ಹಿಡಿಸಿದ್ದು ಬೇರೆ ಸಂಗತಿ: ಆ ಓಟದ ಗೌರವಕ್ಕೆ ಫ್ರಾನ್ಸಿನ ಮಿಠಾಯಿಗಾರನೊಬ್ಬ ಸೈಕಲ್ ಚಕ್ರದ ಆಕಾರದಲ್ಲಿ, ನಡುವೆ ಕೆನೆ ತುಂಬಿ ಒಂದು ಸಿಹಿ ಮಾಡಿದ, ಅದರ ಹೆಸರೂ ಪ್ಯಾರಿಸ್-ಬ್ರೆಸ್ಟ್. ಸೈಕಲ್ ತುಳಿಯುವವರ ಮನಸ್ಸೆಲ್ಲಿರುತ್ತದೆ ಎಂದು ಆ ಪುಣ್ಯಾತ್ಮನಿಗೆ ಗೊತ್ತಿತ್ತು. ನಮ್ಮವರು ಇನ್ನೂ ಮುಂದಾಲೋಚನೆಯವರು, ಸಕ್ಕರೆ ಪೊಂಗಲನ್ನು ಏರುದಾರಿಯ ತುದಿಯಲ್ಲೇ ಇಟ್ಟಿದ್ದಾರೆ. ಜಕ್ಕನಹಳ್ಳಿ ದಾಟಿದ ಮೇಲೆ ಮೇಲುಕೋಟೆಗೆ ಏರು ಶುರು. 50 ಕಿಲೋಮೀಟರಿನಲ್ಲಿ ಕಷ್ಟವನ್ನೆಲ್ಲ ಕೊನೆಗೆ ಕೂಡಿಟ್ಟಿರುವ ದಾರಿ ಅದು.

ಹೊರಡುವ ಭಾನುವಾರ ಗೊತ್ತಾಯಿತು. ಅಮ್ಮ ಪಂಚಾಂಗ ತೆಗೆದು, ಅವತ್ತು ಏಕಾದಶಿ ಎಂದಳು. ಉಪವಾಸವಿದ್ದೇ ಹೋಗಿ ಬಾ, ಪುಣ್ಯವೂ ಬಂತು, ತೂಕವೂ ಇಳಿಯಿತು ಎಂಬುದು ಅವಳ ಲೆಕ್ಕ. ಆಹಾರ ತಜ್ಞೆಯ ಹಾಳೆಗಿಂತ ಕಟ್ಟುನಿಟ್ಟು. ಗೆಳೆಯ ಫೋನಿನಲ್ಲೇ ಕೂಗಾಡಿದ: ಉಪವಾಸದವನನ್ನು ನಾನು ಕರೆದೊಯ್ಯುವುದಿಲ್ಲ, ಪಾಂಡವಪುರದಲ್ಲಿ ಬಿದ್ದರೆ ಎತ್ತುವವರಾರು? ದ್ವಾದಶಿಯ ಸೋಮವಾರಕ್ಕೆ ರಾಜಿಯಾಯಿತು. ಒಂದು ದಿನದ ರಜೆ ಬರೆದೆ.

ಅಷ್ಟರಲ್ಲಿ ಅಮ್ಮ, ಹೇಗೂ ಹೋಗುತ್ತೀಯಲ್ಲ, ಎರಡು ಕಿಲೊ ಪುಳಿಯೋಗರೆ ಗೊಜ್ಜು ತಂದುಬಿಡು ಎಂದಳು. ಮನೆಯಾಕೆ ತನ್ನ ತಂಗಿಗೊಂದು ಕಿಲೊ ಸೇರಿಸಿದಳು. ಚಡ್ಡಿ ನೋಡಿ ಮರುಗಿದ್ದ ಪಕ್ಕದ ಮನೆಯ ಅಜ್ಜಿ, ನಮಗೂ ಎರಡಿರಲಿ ಎಂದರು. ಕೂಡಿದರೆ ಹೆಚ್ಚುಕಡಿಮೆ ನಾನು ಇಳಿಸಿದಷ್ಟೇ. ಅಂಗಡಿಯ ಹುಡುಗನಿಗೆ ಫೋನ್ ಮಾಡಿ ಕ್ಯಾರಿಯರ್ ಹಾಕಿಕೊಡಪ್ಪ ಎಂದರೆ, ಈ ಮಾಡೆಲಿಗೆ ಬರಲ್ಲ ಸರ್, ಹಾಕಿದರೆ ವೆಯ್ಟ್ ಜಾಸ್ತಿಯಾಗುತ್ತೆ ಎನ್ನುತ್ತಿದ್ದಾನೆ.