ಹೆಂಗಿದ್ರೂ ಕಾಕಾ

ಉಗಾದಿ ಪಾಡ್ಯದ ಬೇವು ಕುಡಿದ ಬಟ್ಟಲನ್ನು ಇನ್ನೂ ಕೆಳಗೆ ಇಟ್ಟಿರುವುದಿಲ್ಲ, ಕಾಕಾರ ಕಣ್ಣು ಮೇಲೆ ಹಂಚಿನ ಕಡೆ ಹೋಗಿರುತ್ತದೆ. ಆ ನೋಟ ಬಿತ್ತೆಂದರೆ ಕಾಕೂ ಮಾತಾಡುವುದಿಲ್ಲ. ಎದ್ದು ಹೋಗಿ ಭಾಂಡೆ ಸಾಮಾನುಗಳನ್ನು ಎಣಿಸಿ ಟ್ರಂಕಿಗೆ ಹಾಕಲು ಶುರು ಮಾಡುತ್ತಾರೆ. ಈ ವರ್ಷವೂ ಮನೆ ರಿಪೇರಿ ತಪ್ಪಿದ್ದಲ್ಲ ಎಂದು ಅವರಿಗೆ ತಿಳಿದುಹೋಗಿರುತ್ತದೆ.

ಇಂಥ ಯಜಮಾನರೊಬ್ಬರು ನಮ್ಮ ಸೀಮೆಯ ಯಾವ ಊರಿಗೆ ಹೋದರೂ ಸಿಗುತ್ತಾರೆ. ಕಿತ್ತೂರಿನಲ್ಲಿ ಅವರು ನಿವೃತ್ತ ಮಾಸ್ತರರಾಗಿರಬಹುದು, ಸವದತ್ತಿಯಲ್ಲಿ ಸೊಸೈಟಿ ಸೆಕ್ರೆಟರಿ, ರಾಮದುರ್ಗದಲ್ಲಿ ಮಗ್ಗದ ಮಾಲೀಕರು. ನೇಸರಗಿಯವರು ಬಸ್ಸಿನ ಕಂಡಕ್ಟರರಾಗಿದ್ದವರು. ಬೆಳಗಾವಿಯಿಂದ ಯರಗಟ್ಟಿಯವರೆಗಿನ ರಸ್ತೆಯ ಒಂದೊಂದು ಕುಣಿಯನ್ನೂ ಬಲ್ಲವರು. ನಿವೃತ್ತಿಯ ದಿನ ಟಿಕೆಟ್ ಮಷೀನು, ಹಣದ ಚೀಲ ಎಲ್ಲವನ್ನೂ ಡಿಪೋಗೆ ಒಪ್ಪಿಸಿ ಬಂದರು. ಸೀಟಿಯೊಂದು ಕಿಸೆಯಲ್ಲೇ ಉಳಿಯಿತು. ಈಗ ಮನೆಯ ಕೆಲಸವೆಲ್ಲ ಅದರ ಮೇಲೆಯೇ ನಡೆಯುತ್ತದೆ. ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ನಿಚ್ಚಣಿಕೆ ಹಿಡಿದ ಮಗ, ಹಂಚು ಎತ್ತಿಕೊಡುವ ಸೊಸೆ, ಕೆಳಗೆ ನಿಂತು ಎಣಿಸುವ ಮೊಮ್ಮಗ ಎಲ್ಲರಿಗೂ ಅದೇ ಕಾಯಿದೆ. ಗೌಂಡಿಯ ಪಗಾರದಲ್ಲಿ ಚಿಲ್ಲರೆ ಬಾಕಿ ಉಳಿದರೆ ಹಳೆಯ ರೂಢಿಯಂತೆ ಚೀಟಿಯ ಹಿಂದೆ ಬರೆದು, ಸುತ್ತ ಗೆರೆ ಎಳೆದು, “ಇಳಿಯೂ ಮುಂದ ಇಸ್ಕೋ” ಅನ್ನುತ್ತಾರೆ. ಗೌಂಡಿ ಅಟ್ಟಣಿಗೆಯಿಂದ ಇಳಿಯುವ ಹೊತ್ತಿಗೆ ಕಾಕಾ ಮನೆಯಲ್ಲಿ ಇರುವುದಿಲ್ಲ.

ಊರವರು ಇಟ್ಟ ಹೆಸರು ‘ಹೆಂಗಿದ್ರೂ ಕಾಕಾ’. ಯಾಕೆ ಎಂಬುದಕ್ಕೆ ಕಳೆದ ವರ್ಷದ ಕೆಲಸವೊಂದೇ ಸಾಕು. ಪಡಸಾಲೆಯ ಮೇಲೆ ಒಂದು ಹಂಚು ಸೀಳಿತ್ತು. ಒಂದೇ ಒಂದು. ಕಾಕಾ ಹತ್ತಿ ಅದನ್ನು ತೆಗೆದರು; ಕೆಳಗಿನ ರೀಪನ್ನು ಹುಳ ತಿಂದದ್ದು ಕಂಡಿತು. “ಹೆಂಗಿದ್ರೂ ಹತ್ತೇವಿ, ರೀಪ ಬದಲಿ ಮಾಡೂಣು.” ರೀಪು ಬಿಚ್ಚಬೇಕಾದರೆ ಸುತ್ತಲಿನ ಹಂಚೆಲ್ಲ ಇಳಿಸಬೇಕು. “ಹೆಂಗಿದ್ರೂ ಹಂಚ ಇಳಿಸೇವಿ, ತೊಲಿ ಒಮ್ಮಿ ನೋಡೂಣು.” ತೊಲೆ ಗಟ್ಟಿಯಾಗಿಯೇ ಇತ್ತು, ಪಾಪ. ಆದರೆ ಅದು ಕೂತ ಗೋಡೆಯ ತಲೆಯಿಂದ ಎರಡು ಹೆಂಟೆ ಮಣ್ಣು ಉದುರಿತ್ತು. “ಹೆಂಗಿದ್ರೂ ತೊಲಿ ಎತ್ತೇವಿ…” ಗೋಡೆ ಎರಡು ಮೊಳ ಇಳಿಯಿತು. ಗೋಡೆಯ ಜೊತೆ ಕರೆಂಟಿನ ವಾಯರು ಇಳಿಯಿತು, ವಾಯರಿನ ಜೊತೆ ಸೊಸೆಯ ಟಿವಿ ಧಾರಾವಾಹಿ ಇಳಿಯಿತು. ರೋಹಿಣಿ ಮಳೆ ಕೂಡುವ ಹೊತ್ತಿಗೆ ಪಡಸಾಲೆಯ ಆ ಒಂದು ಹಂಚಿನ ಕೆಲಸ ಹಿತ್ತಲಿನ ಬಚ್ಚಲಿಗೆ ಬಂದು ಮುಟ್ಟಿತ್ತು. ಸೀಳಿದ ಹಂಚು ಮಾತ್ರ ಅಂಗಳದ ಕಟ್ಟೆಯ ಮೇಲೆ ಹಾಗೆಯೇ ಕೂತಿತ್ತು. ಅದಕ್ಕೆ ಬದಲಿ ಸಿಕ್ಕಿರಲಿಲ್ಲ.

ಸಿಗುವುದು ಸುಲಭವೂ ಅಲ್ಲ ಅನ್ನಿ. ಹಳೆಯ ಹಂಚಿನ ಅಳತೆ ಬೇರೆ, ಹೊಸದರ ಅಳತೆ ಬೇರೆ. ಒಂದರ ಗಾಡಿ ಇನ್ನೊಂದಕ್ಕೆ ಕೂಡುವುದಿಲ್ಲ, ನಡುವೆ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದರಿಂದ ಹಿಡಿದು ಖಾನಾಪುರದ ಮಣ್ಣಿನ ಗುಣದವರೆಗೆ ಕಾಕಾ ಹಂಚಿನ ಪುರಾಣವನ್ನೇ ಹೇಳಬಲ್ಲರು, ಅದೂ ಒಡೆದ ಹಂಚನ್ನು ಕೈಯಲ್ಲಿ ಹಿಡಿದುಕೊಂಡೇ. ಯಾವ ಊರಿನಲ್ಲಿ ಹಳೆಯ ಮನೆ ಕೆಡವುತ್ತಿದ್ದಾರೆಂದು ಸುದ್ದಿ ಬಂದರೂ ಬಾಡಿಗೆ ಟಂಟಂ ಮಾಡಿಕೊಂಡು ಹೋದರು. ಹತ್ತು ಬೇಕೆಂದರೆ ಅವರು ಹತ್ತು ತರುವ ಗಿರಾಕಿಯಲ್ಲ. “ಹೆಂಗಿದ್ರೂ ಬಾಡಿಗಿ ಕೊಟ್ಟೇವಿ” ಎಂದು ಟಂಟಂ ತುಂಬಿಸಿಕೊಂಡೇ ಬರುವುದು. ಈಗ ಅವರ ಹಿತ್ತಲಲ್ಲಿರುವ ಹಂಚು ಮಾಡಿನ ಮೇಲಿರುವುದಕ್ಕಿಂತ ಹೆಚ್ಚು. ಮುಟ್ಟಹೋದರೆ, “ಇರಲಿ ಬಿಡು, ಮುಂದ ಬೇಕಾಕ್ಕತಿ” ಎಂಬ ಅಪ್ಪಣೆ. ಹಾವು ಚೇಳುಗಳ ಒಂದು ಕುಟುಂಬ ಅಲ್ಲಿ ನೆಮ್ಮದಿಯಿಂದಿದೆ. ಆ ಮನೆಯಲ್ಲಿ ಸೀಟಿ ಕೇಳದೆ ಬದುಕುತ್ತಿರುವವರು ಅವರಷ್ಟೇ.

ಮಾಡು ತೆರೆದಿದ್ದ ಆ ರಾತ್ರಿಗಳಲ್ಲಿ ಕಾಕೂ ನೆರೆಮನೆಯ ಹೆಂಗಸರಿಗೆ ಹೇಳಿದ ಮಾತು ಊರೆಲ್ಲ ಓಡಾಡಿತು. “ಕಿತ್ತೂರ ಅರಮನ್ಯಾಗ ಧ್ರುವ ನಕ್ಷತ್ರ ಒಂದ ನೋಡಾಕ ಕಿಂಡಿ ಮಾಡ್ಯಾರಂತ್ರಿ. ನಮ್ಮನಿಗೆ ಬರ್ರಿ, ಹಾಸಿಗ್ಯಾಗ ಬಿದ್ಕೊಂಡ್ರ ಇಪ್ಪತ್ತೇಳೂ ಕಾಣ್ತಾವ.”

ಗೋಡೆಯ ಬಿರುಕುಗಳ ವಿಷಯದಲ್ಲಿ ಕಾಕಾರನ್ನು ಪೂರ್ತಿ ದೂರುವಂತಿಲ್ಲ. ನಮ್ಮದು ಎರೆ ನೆಲ. ಹತ್ತಿಗೆ ತಾಯಿ, ಗೋಡೆಗೆ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ; ಮೇಲೆ ಕೂತ ಮನೆ ವರ್ಷಕ್ಕೊಮ್ಮೆ ಎದ್ದು ಕೂತು ಮಾಡಲೇಬೇಕು. ಪಾಯಾ ತೋಡುವಾಗಲೇ ಎರೆಮಣ್ಣು ತೆಗೆದು ಗರಸು ತುಂಬಿ, ನೀರು ಬಿಟ್ಟು, ದಿಮ್ಮಸು ಹಾಕಬೇಕೆಂದು ತಿಳಿದವರು ಹೇಳುವುದು ಇದಕ್ಕೇ. ಕಾಕಾರ ಅಜ್ಜ ಅಷ್ಟು ತೋಡಲಿಲ್ಲ. ಹೀಗಾಗಿ ಗೋಡೆಯ ಮೇಲೆ ಸೀಮೆಯ ಮಳೆ ಬೆಳೆಯ ಚರಿತ್ರೆಯೇ ಇದೆ. ಬಂದ ಬೀಗರಿಗೆ ಕಾಕಾ ಅದನ್ನು ಕೋಲು ಹಿಡಿದು ತೋರಿಸುತ್ತಾರೆ: “ಇದು 2016ರ ಬರಗಾಲದ್ದು. ಇದು 2019ರ ನೆರಿ ಬಂದಾಗಿಂದು. ಇದು…” ಮೂರನೆಯದರ ಮುಂದೆ ಕೋಲು ತಡವರಿಸುತ್ತದೆ. ಅದು ಕಾಕಾ ಮೊಳೆ ಹೊಡೆದಾಗಿನದು.

ಬಿರುಕಿಗೆ ಅವರು ಕಂಡುಕೊಂಡ ಮದ್ದು ಸಿಮೆಂಟು. ಮೇ ತಿಂಗಳಲ್ಲಿ ಬಿರುಕು ಪೂರ್ತಿ ಬಾಯಿ ತೆರೆದಾಗ ಒಳಗೆಲ್ಲ ಸಿಮೆಂಟು ತುರುಕಿ ನುಣ್ಣಗೆ ಸವರುತ್ತಾರೆ. ಮಳೆ ಬಿದ್ದು ನೆಲ ಉಬ್ಬಿ ಬಿರುಕು ತಾನಾಗಿ ಮುಚ್ಚಲು ಬಂದಾಗ ನಡುವೆ ಸಿಕ್ಕಿಕೊಂಡ ಸಿಮೆಂಟು ಸುಮ್ಮನೆ ಇರುತ್ತದೆಯೇ? ಅಂಚನ್ನೆಲ್ಲ ಕಿತ್ತುಕೊಂಡು ಕೆಳಗೆ ಬೀಳುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಬೇಡ, ಒಳಗಿನ ಹಸಿ ಹೊರಗೆ ಬರಲು ದಾರಿ ಸಿಗದೆ ಪದರ ಪದರವಾಗಿ ಕಳಚುತ್ತದೆ, ಮಣ್ಣು ಸುಣ್ಣವೇ ಇರಲಿ ಎಂದು ಗೌಂಡಿಯೂ ಹೇಳಿದ. ಕಾಕಾ ಅವನನ್ನು ಊರಿನ ಹಳೆಯ ಜೋಡುಗುಡಿಗೆ ಕರೆದೊಯ್ದರು. “ನೋಡ, ಚಿಟಿಕಿ ಸಿಮಿಟ ಇಲ್ಲ, ಬರೇ ಕಲ್ಲ. ಎಷ್ಟ ನೂರ ವರ್ಷ ಆತು, ನಿಂತೈತಿಲ್ಲೋ?” ಗೌಂಡಿ ತಲೆಯಾಡಿಸಿದ. ಬರುವ ದಾರಿಯಲ್ಲಿ ಕಾಕಾ ಅಂಗಡಿಗೆ ಹೋಗಿ ಹತ್ತು ಚೀಲ ಸಿಮೆಂಟು ಹೇಳಿ ಬಂದರು. ಆ ಗುಡಿಗೂ ಈ ಸಿಮೆಂಟಿಗೂ ಏನು ಸಂಬಂಧವೆಂದು ಕೇಳುವ ಧೈರ್ಯ ಗೌಂಡಿಗೆ ಆಗಲಿಲ್ಲ, ನನಗೂ ಆಗಿಲ್ಲ.

ಗೌಂಡಿಯ ವಿಷಯ ಬಂತಲ್ಲ. ಅವನು ಮಾತು ಕಡಿಮೆಯ ಮನುಷ್ಯ. “ನಾಳಿ ಬರ್ತೇನ್ರಿ ಸಾಹೇಬ್ರ” ಅನ್ನುತ್ತಾನೆ, ಹೋಗುತ್ತಾನೆ. ಅಮಾವಾಸ್ಯೆಗೆ ಥಾಪಿ ಮುಟ್ಟುವುದಿಲ್ಲ, ಮರುದಿನ ಸಂತೆ, ಅದರ ಮರುದಿನ ಸೋದರಳಿಯನ ಲಗ್ನ. ನಾಲ್ಕನೆಯ ದಿನ ಬೆಳಗಾವಿಯಲ್ಲಿ ಯಾರದೋ ಸ್ಲಾಬ್ ಹಾಕುವುದಿರುತ್ತದೆ. ಅವನು ಬರದ ದಿನಗಳಲ್ಲಿಯೇ ಕಾಕಾರ ಕೈ ಓಡುವುದು. “ಅವಂದೇನ ಬ್ರಹ್ಮವಿದ್ಯಾ? ನಾವ ಮನಿಮಂದಿ ಕೂಡಿ ಮಾಡೂಣು” ಎಂದು ರಾತ್ರಿ ಪಡಸಾಲೆಯಲ್ಲಿ ಸಭೆ ಕರೆದು ಕೆಲಸ ಹಂಚುತ್ತಾರೆ. ಬೆಂಗಳೂರಿನಲ್ಲಿರುವ ಹಿರಿಯ ಮಗ ಫೋನಿಗೆ ವಿಡಿಯೋ ಕಳಿಸುತ್ತಾನೆ. ಅದರಲ್ಲಿ ಯಾವನೋ ಪರದೇಶದವನು ಒಬ್ಬನೇ ನಿಂತು, ಅಂಗಿಗೆ ಧೂಳೂ ತಾಗದಂತೆ, ಅರ್ಧ ಗಂಟೆಯಲ್ಲಿ ಬಚ್ಚಲು ಕಟ್ಟಿ ಮುಗಿಸುತ್ತಾನೆ. ಅದನ್ನು ನೋಡಿಯೇ ಕಾಕಾ ಬಚ್ಚಲಿನ ಫರಶಿಗೆ ಕೈ ಹಾಕಿದ್ದು.

ಮಟ್ಟ ನೋಡಲು ನೀರು ತುಂಬಿದ ಪೈಪು. ಒಂದು ತುದಿ ಕಾಕಾರ ಕೈಯಲ್ಲಿ, ಇನ್ನೊಂದು ಮೊಮ್ಮಗನ ಕೈಯಲ್ಲಿ. ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ ಎಂದು ಗೊತ್ತಿದ್ದವನು ಗೌಂಡಿ ಒಬ್ಬನೇ, ಅವನು ಬೆಳಗಾವಿಯಲ್ಲಿದ್ದ. ಸೀಟಿಯ ಮೇಲೆ ಸೀಟಿ. ಸಂಜೆಯ ಹೊತ್ತಿಗೆ ಫರಶಿ ಕೂತಿತು, ಮೊದಲ ಕೊಡ ನೀರು ಸುರಿದರು. ನೀರು ಬಚ್ಚಲ ಕಿಂಡಿಯ ಕಡೆ ಒಮ್ಮೆ ನೋಡಿ, ಹೊರಳಿ, ಹೊಸ್ತಿಲು ದಾಟಿ, ನಡುಮನೆಯಲ್ಲಿ ಹಾಯ್ದು ನೆಟ್ಟಗೆ ದೇವರ ಜಗುಲಿಗೆ ಹೋಯಿತು. ಎಲ್ಲರೂ ಕಾಕಾರ ಮುಖ ನೋಡಿದರು. ಕಾಕಾ ಕೈ ಮುಗಿದು, “ದೇವರ ಪಾದಕ್ಕ ತಾನ ಹೊಂಟೈತಿ ನೋಡ್ರಿ” ಎಂದರು.

ಮೂರು ದಿನದ ಮೇಲೆ ಗೌಂಡಿ ಬಂದ. ಬಗ್ಗಿ ನೋಡಿದ, ಅಂಗೈಯಿಂದ ಫರಶಿ ಸವರಿದ. “ಇದನ್ನ ಯಾರ ಮಾಡ್ಯಾರ್ರಿ?”

“ಹಿಂದಿನ ಗೌಂಡಿ” ಎಂದರು ಕಾಕಾ.

ಅಡುಗೆಮನೆಯ ಪ್ರಕರಣ ಇನ್ನೊಂದು. ಸೊಸೆಗೆ ನಿಂತು ಅಡುಗೆ ಮಾಡುವ ಕಟ್ಟೆ ಬೇಕಿತ್ತು. ಕಾಕಾ ಒಪ್ಪಿದರು, ಕರಿ ಗ್ರಾನೈಟು ತರಿಸಿದರು, ಎತ್ತರವನ್ನು ತಮ್ಮ ಸೊಂಟಕ್ಕೆ ಅಳೆದರು. ಕಾಕಾ ಆರಡಿ ಆಳು, ಜೀವಮಾನದಲ್ಲಿ ಒಮ್ಮೆಯೂ ಒಗ್ಗರಣೆ ಹಾಕಿದವರಲ್ಲ. ಅತ್ತೆ ಸೊಸೆಯರಿಬ್ಬರೂ ಕುಳ್ಳಗಿನವರು. ಸೊಸೆ ಈಗ ಮಣೆಯ ಮೇಲೆ ಹತ್ತಿ ನಿಂತು ಸಾರು ಕುದಿಸುತ್ತಾಳೆ. ಕಾಕೂ ಆ ಗೋಜಿಗೇ ಹೋಗಲಿಲ್ಲ. ಜೋಳದ ರೊಟ್ಟಿಯನ್ನು ಕೂತು ಬಡಿದರೇನೇ ಅದು ರೊಟ್ಟಿ. ಕಟ್ಟೆಯ ಬುಡದಲ್ಲಿ ಹಳೆಯ ಒಲೆ ಹೂಡಿ, ನೆಲದ ಮೇಲೆ ಕೂತು ಬಡಿಯುತ್ತಾರೆ. ಗ್ರಾನೈಟಿನ ಮೇಲೆ ಕಾಕಾರ ಪೇಪರು, ಚಸ್ಮಾ ಮತ್ತು ಸೀಟಿ ಇರುತ್ತವೆ.

ಮಹಾನವಮಿಯ ಮುಂದೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವ ಪದ್ಧತಿ. ಹಳೆಯ ಸೀರೆಗಳನ್ನು ಪದರ ಹಾಕಿ ಹೊಲಿದ ಕೌದಿ ನೀರು ಕುಡಿದರೆ ಇಬ್ಬರು ಹಿಂಡಿದರೂ ಮುಗಿಯದು. ಮನೆಮಂದಿಯೆಲ್ಲ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಬುತ್ತಿ ಕಟ್ಟಿಕೊಂಡು ನೀರಿದ್ದಲ್ಲಿಗೆ ಹೋಗಿ, ಬಡಿದು ಹಿಂಡಿ, ಹಸಿ ಕೌದಿಗಳನ್ನು ಹೇರಿಕೊಂಡು ಬಂದರು. ಕಾಕಾ ಮನೆಯಲ್ಲೇ ಉಳಿದಿದ್ದರು. “ಹೆಂಗಿದ್ರೂ ಮನಿ ಖಾಲಿ ಐತಿ” ಎಂದು ಹಗಲೆಲ್ಲ ಸುಣ್ಣ ಹಚ್ಚಿದ್ದರು. ಹಿಂದಿನ ದಿನವೇ ಹರಳು ಸುಣ್ಣ ನೀರಿಗೆ ಹಾಕಿ ಕುದಿಸಿ ಅರಳಿಸಿ, ಸೋಸಿ, ಅಂಟು ಬೆರೆಸಿ, ನೀಲಿ ಹಾಕಿ, ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದರು. ಈ ಒಂದು ಕೆಲಸದಲ್ಲಿ ಅವರ ಕೈಗುಣಕ್ಕೆ ಹೆಸರಿಡುವಂತಿಲ್ಲ. ಆದರೆ ಅಂಗಳದ ಗೋಡೆಗೂ ಹಚ್ಚಿದ್ದನ್ನು ಯಾರಿಗೂ ಹೇಳಲಿಲ್ಲ. ಮುಸ್ಸಂಜೆಯ ಕತ್ತಲಲ್ಲಿ ಬಂದವರು ಕೌದಿಗಳನ್ನು ಯಾವಾಗಿನಂತೆ ಆ ಗೋಡೆಯ ಮೇಲೆಯೇ ಹರವಿದರು. ಬೆಳಗಾದಾಗ ಗೋಡೆಯ ಸುಣ್ಣ ಕೌದಿಯ ಮೇಲಿತ್ತು, ಕೌದಿಯ ಬಣ್ಣ ಗೋಡೆಯ ಮೇಲಿತ್ತು. ಓಣಿಯ ಹುಡುಗರು ನಿಂತು ನೋಡಿ, ಛಲೋ ಚಿತ್ತಾರ ತೆಗೆದೀರಿ ಎಂದರು.

ಆದರೂ ಕಾಕಾರ ಬಗ್ಗೆ ಒಂದು ಮಾತನ್ನು ನಾನು ಒಪ್ಪಲೇಬೇಕು: ಮನುಷ್ಯ ಪ್ರಾಮಾಣಿಕ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಸವದತ್ತಿ ಕಡೆ ಊರೂರೇ ಮುಳುಗಿದಾಗ, ಬಿಡದ ಮಳೆಗೆ ಎಲ್ಲ ಕಡೆ ಮಣ್ಣಿನ ಗೋಡೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರಕಾರ ಸಾರಿತು. ಹಾನಿ ಬರೆದುಕೊಳ್ಳಲು ಬಂದ ಅಧಿಕಾರಿ ಕಾಕಾರ ಮನೆಯ ಮುಂದೆ ನಿಂತರು. ಮುಂಗೋಡೆ ಇರಲಿಲ್ಲ, ಮಾಡು ಅರ್ಧ ತೆರೆದಿತ್ತು, ತೊಲೆ ಅಂಗಳದಲ್ಲಿತ್ತು. ಅವರು ಮರುಕದಿಂದ ಪೆನ್ನು ತೆಗೆದು, “ಎಲ್ಲಾ ಮಳಿಗೆ ಬಿತ್ತೇನ್ರಿ ಯಜಮಾನ್ರ?” ಎಂದು ಕೇಳಿದರು. ಒಳಗಿನಿಂದ ಕಾಕೂ ಕೈಸನ್ನೆ ಮಾಡುತ್ತಲೇ ಇದ್ದರು. ಕಾಕಾರಿಗೆ ಅವಮಾನವಾಯಿತು. ಎದೆ ಸೆಟೆಸಿ ಹೇಳಿದರು: “ಮಳಿಗೆ ಯಾಕ ಬೀಳತೈತ್ರಿ? ಇದನ್ನ ನಾನ ಕೆಡವಿದ್ದು.”

ಇಷ್ಟೆಲ್ಲ ಗದ್ದಲದಲ್ಲಿ ಜಾಗ ಬಿಟ್ಟು ಕದಲದವರೆಂದರೆ ಆಯಿ, ಕಾಕಾರ ತಾಯಿ. ನಡುಮನೆಯ ಕಂಬಕ್ಕೆ ಒರಗಿ ಕೂತಿರುತ್ತಾರೆ. ಆ ಕಂಬವನ್ನೂ ಬದಲಿಸಬೇಕೆಂದು ಕಾಕಾರಿಗೆ ಬಹಳ ದಿನದ ಆಸೆ. ಪ್ರತಿ ವರ್ಷ ಬಂದು ಎದುರಿಗೆ ನಿಲ್ಲುತ್ತಾರೆ, ಒಮ್ಮೆ ಕಂಬ ನೋಡುತ್ತಾರೆ, ಒಮ್ಮೆ ಆಯಿಯನ್ನು. “ಯವ್ವಾ, ಹೆಂಗಿದ್ರೂ…” ಅನ್ನುವಷ್ಟರಲ್ಲಿ ಆಯಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸುತ್ತಾರೆ. “ಹೆಂಗಿದ್ರೂ ನಾ ಹೋಗಾಕಿ ಇದ್ದೇನಿ. ಅಲ್ಲೀತನಕಾ ಸುತಿಗಿ ಒಳಗಿಡು.” ಕಾಕಾ ಸುಮ್ಮನೆ ಹಿಂದಿರುಗುತ್ತಾರೆ. ಆಯಿಗೆ ಈಗ ತೊಂಬತ್ತರ ಮೇಲೆ. ಮನೆ ನಿಂತಿರುವುದು ಆ ಕಂಬದ ಮೇಲೆ ಎಂದು ಗೌಂಡಿ ನನಗೆ ಗುಟ್ಟಾಗಿ ಹೇಳಿದ್ದಾನೆ.

ಅಂತೂ ಸ್ವಂತ ಮನೆಯಲ್ಲಿ ಒಡೆಯಲು ಉಳಿದದ್ದು ಕಡಿಮೆಯಾಗಿ, ಇತ್ತೀಚೆಗೆ ಕಾಕಾ ಸಂಜೆ ಹೊತ್ತು ಮಂದಿಯ ಮನೆಗೆ ಹೋಗಲು ಶುರು ಮಾಡಿದ್ದಾರೆ. ಚಹಾ ಬರುವುದರೊಳಗೆ ಬೆರಳ ಗಣ್ಣಿನಿಂದ ಗೋಡೆ ತಟ್ಟಿ ಕಿವಿಗೊಟ್ಟು, “ಒಳಗ ಪೊಳ್ಳ ಐತಿ” ಅನ್ನುತ್ತಾರೆ. ಹಾಗೆ ಅನ್ನಿಸಿಕೊಂಡ ಮನೆಗಳಲ್ಲಿ ಎರಡಕ್ಕೆ ಆಗಲೇ ನಿಚ್ಚಣಿಕೆ ಬಂದಿದೆ. ನೇಸರಗಿ ಸುತ್ತಲಿನ ಓದುಗರಲ್ಲಿ ನನ್ನದೊಂದು ವಿನಂತಿ: ಕಾಕಾ ಬಂದರೆ ಚಹಾ ಕೊಡಿ, ಚುರಮುರಿ ಕೊಡಿ, ಹಳೆಯ ಬಸ್ಸಿನ ಕತೆ ಕೇಳಿ, ಮರ್ಯಾದೆಗೆ ಕೊರತೆ ಮಾಡಬೇಡಿ. ಕುರ್ಚಿಯನ್ನು ಮಾತ್ರ ಅಂಗಳದ ನಟ್ಟನಡುವೆ, ಯಾವ ಗೋಡೆಗೂ ಕೈ ಎಟುಕದ ಹಾಗೆ ಹಾಕಿ.